ವರ್ಕ್ ಫ್ರಂ ಹೋಮ್ ಕೇಳುವಾಗ ಆರೋಗ್ಯ, ಸುರಕ್ಷತೆಯ ಕಾರಣ ಕೊಡಬಹುದಾ? ಮಲೆನಾಡಿನವರು ಹೇಳಿ

ಮಂಡಗದ್ದೆ ಹುಡುಗ

ನಮ್ಮ ಕಂಪನಿಯಿಂದ ಮೇಲ್ ಬಂದಿದೆ. ಇನ್ನು ವಾರಕ್ಕೆ ನಾಲ್ಕು ದಿನ ಬೆಂಗಳೂರಿನ ಆಫೀಸಿಗೆ ಬರಲೇಬೇಕಂತೆ. ಮನೆಯಿಂದಲೇ ಕೆಲಸ ಮುಂದುವರಿಸಬೇಕು ಅನ್ನುವವರು ಕಾರಣ ಬರೆದು ಕೊಡಿ, ನೋಡೋಣ ಅಂದಿದ್ದಾರೆ. ಕಾರಣ ಅಂದ ಕೂಡಲೇ ಎಲ್ಲರೂ ಬರೆಯುವುದು ಒಂದೇ. ಮನೆಯಲ್ಲಿ ಕೆಲಸ ಚೆನ್ನಾಗಿ ಆಗುತ್ತದೆ, ಟಾರ್ಗೆಟ್ ಮುಗಿಯುತ್ತದೆ, ಬಾಡಿಗೆ ಉಳಿಯುತ್ತದೆ. ನನ್ನ ಪ್ರಕಾರ ಅದಕ್ಕಿಂತ ಗಟ್ಟಿ ಕಾರಣ ನಮ್ಮ ಜೀವ ಮತ್ತು ಆರೋಗ್ಯ. ಅದನ್ನು ಬಾಯಿಬಿಟ್ಟು ಹೇಳುವವರೇ ಕಮ್ಮಿ.

ನಮ್ಮ ಕಡೆಯಿಂದ ಬೆಂಗಳೂರಿಗೆ ಓಡಾಡುವವರನ್ನು ನೋಡಿ. ಭಾನುವಾರ ರಾತ್ರಿ ಊಟ ಮುಗಿಸಿ ಬಸ್ಸು ಹತ್ತುತ್ತಾರೆ. ಶಿವಮೊಗ್ಗದಿಂದ ಸುಮಾರು 300 ಕಿಲೋಮೀಟರ್, ತೀರ್ಥಹಳ್ಳಿಯವರಿಗೆ ಅದರ ಮೇಲೆ ಇನ್ನೊಂದು 60. ಬೆಳಗಿನ ಜಾವ ಯಶವಂತಪುರದಲ್ಲೋ ಮೆಜೆಸ್ಟಿಕ್ಕಿನಲ್ಲೋ ಇಳಿದು, ರೂಮಿಗೆ ಹೋಗಿ ಮುಖ ತೊಳೆದು, ಒಂಬತ್ತೂವರೆಗೆ ಮೀಟಿಂಗಿನಲ್ಲಿ ಕೂತಿರುತ್ತಾರೆ. ಶುಕ್ರವಾರ ರಾತ್ರಿ ಮತ್ತೆ ಅದೇ ಬಸ್ಸು. ಸ್ವಂತ ಕಾರಿನವರದು ಇನ್ನೂ ಭಯ. 17 ಗಂಟೆ ನಿದ್ದೆ ಇಲ್ಲದೆ ಎಚ್ಚರ ಇರುವವರ ಕೈಕಾಲು, ಕಣ್ಣಿನ ಚುರುಕು, ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟು ಮಂದವಾಗುತ್ತದೆ ಅನ್ನುವುದು ಪರೀಕ್ಷೆ ಮಾಡಿ ತೋರಿಸಿರುವ ವಿಷಯ. ನಮ್ಮ ದೇಶದ ಕಾನೂನಿನಲ್ಲಿ ಡ್ರೈವರ್‌ಗೆ ಇರುವ ಮಿತಿ ಶೇ. 0.03. ಅಂದರೆ ಬೆಳಗ್ಗೆ ಆರಕ್ಕೆ ಎದ್ದು, ದಿನವಿಡೀ ಮನೆಯವರ ಜೊತೆ ಇದ್ದು, ರಾತ್ರಿ ಹನ್ನೊಂದಕ್ಕೂ ಸ್ಟೀರಿಂಗ್ ಹಿಡಿದೇ ಇರುವವರು ಕುಡಿಯದೇ ಕುಡಿದವರ ಲೆಕ್ಕಕ್ಕೆ ಬಂದಿರುತ್ತಾರೆ.

ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆರಿದ್ರಾ ಮಳೆ ಹಿಡಿದರೆ ತೀರ್ಥಹಳ್ಳಿ ರಸ್ತೆಯಲ್ಲಿ ಎದುರಿನ ಗಾಡಿಯ ಲೈಟು ಹತ್ತಿರ ಬರುವವರೆಗೂ ಕಾಣಲ್ಲ. ಮರ ಬಿದ್ದಿರುತ್ತದೆ, ತಿರುವಿನಲ್ಲಿ ಕಾಡುಕೋಣ ನಿಂತಿರುತ್ತದೆ. ಬಸ್ಸು ಇಳಿದ ಮೇಲೆ ಮನೆವರೆಗೆ ಬೈಕು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1 ಲಕ್ಷ 68 ಸಾವಿರಕ್ಕೂ ಜಾಸ್ತಿ. ಅದರಲ್ಲಿ ದೊಡ್ಡ ಪಾಲು ದ್ವಿಚಕ್ರದವರದ್ದೇ. ಮನೆಯಲ್ಲಿ ಕೂತು ಮಾಡಬಹುದಾದ ಕೆಲಸಕ್ಕೆ ಒಬ್ಬ ಮನುಷ್ಯನನ್ನು ಪ್ರತಿ ವಾರ ಈ ರಸ್ತೆಗೆ ಇಳಿಸುವುದು ಸರಿಯಾ?

ಇದನ್ನೇ ಪತ್ರದಲ್ಲಿ ಬರೆಯಬೇಕು ಅಂತಿದ್ದೇನೆ. ನಿಮ್ಮ ಅನುಭವ ಸೇರಿಸಿ. ಮನೆಯಲ್ಲಿ ಕೂತರೆ ಆಗುವ ತೊಂದರೆಗಳನ್ನೂ ಬರೆಯಿರಿ, ಅವರು ಅದನ್ನೇ ಎತ್ತಿ ಕೇಳುತ್ತಾರೆ.

ತುಮರಿ ಕಡೆಯವನು

ನಿಮ್ಮ ಪಟ್ಟಿಯಲ್ಲಿ ಒಂದು ಬಿಟ್ಟುಹೋಗಿದೆ. ನನ್ನ ಮಟ್ಟಿಗೆ ಅದೇ ಮೊದಲನೆಯದು. ನಾವು ಮನೆಯಲ್ಲಿ ಇದ್ದರೆ ನಮ್ಮ ಆರೋಗ್ಯ ಮಾತ್ರ ಅಲ್ಲ, ಅಪ್ಪ ಅಮ್ಮನ ಜೀವ ಉಳಿಯುತ್ತದೆ.

ನಮ್ಮದು ಶರಾವತಿ ಹಿನ್ನೀರಿನ ಆಚೆ ದಡ. ಸಿಗಂದೂರು ಸೇತುವೆ ಆಗಿದ್ದು 2025ರ ಜುಲೈನಲ್ಲಿ. ಅದಕ್ಕೂ ಮೊದಲು ಹಿನ್ನೀರು ದಾಟಿಸುವ ಲಾಂಚ್ ಸಂಜೆ ನಿಂತರೆ ಸಾಗರ ಪೇಟೆಗೆ ಸುತ್ತು ಹಾಕಿಯೇ ಹೋಗಬೇಕಿತ್ತು. ಲಿಂಗನಮಕ್ಕಿ ಅಣೆಕಟ್ಟು ಆದ 1964ರಿಂದ ಅದೇ ಪಾಡು. ಈಗ ರಸ್ತೆ ಇದೆ, ನಿಜ. ಆದರೆ ರಾತ್ರಿ ಎರಡು ಗಂಟೆಗೆ ಅಪ್ಪನ ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ, ಕಾರು ತೆಗೆಯಲು ಮನೆಯಲ್ಲಿ ಯಾರಿರುತ್ತಾರೆ? ನಮ್ಮ ಕೇರಿಯ ಮನೆಗಳಲ್ಲಿ ಹೆಚ್ಚಿನವು ಇಬ್ಬರೇ ವಯಸ್ಸಾದವರ ಮನೆ. ಮಕ್ಕಳೆಲ್ಲ ಬೆಂಗಳೂರು. ಸ್ಟ್ರೋಕ್ ಆದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಾದರೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿ, ಅವನು ಪಕ್ಕದೂರಿನವರಿಗೆ ಫೋನ್ ಮಾಡಿ, ಅವರು ಎದ್ದು ಬರುವಷ್ಟರಲ್ಲಿ ಅರ್ಧ ಸಮಯ ಮುಗಿದಿರುತ್ತದೆ.

ನಾನು ಮನೆಗೆ ಬಂದು ಕೂತ ಮೇಲೆ ಅಮ್ಮನ ಬಿಪಿ ಮಾತ್ರೆ ತಪ್ಪುತ್ತಿಲ್ಲ. ಅದೇನು ದೊಡ್ಡ ವಿಷಯ ಅನ್ನಬಹುದು. ನಮಗೆ ದೊಡ್ಡದೇ.

ಸಾಗರದವಳು

ಹೆಣ್ಣುಮಕ್ಕಳ ಕಡೆಯಿಂದ ಸ್ವಲ್ಪ ಬರೆಯುತ್ತೇನೆ.

ಹೆರಿಗೆ ರಜೆ ಮುಗಿಸಿ ಆಫೀಸಿಗೆ ಹೋದಾಗ ಹಾಲು ತೆಗೆಯಲು ಒಂದು ಕೋಣೆ ಇರಲಿಲ್ಲ. ಟಾಯ್ಲೆಟ್‌ನಲ್ಲಿ ನಿಂತು ತೆಗೆದು ಚೆಲ್ಲುತ್ತಿದ್ದೆ. ಎದೆ ಕಟ್ಟಿಕೊಂಡು ಜ್ವರ ಬಂತು. ಆಮೇಲೆ ಮನೆಯಿಂದ ಕೆಲಸ ಕೇಳಿ ಪಡೆದೆ. ಮಗುವಿಗೆ ಹಾಲು ತಪ್ಪಲಿಲ್ಲ, ನನಗೂ ಮತ್ತೆ ಆ ನೋವು ಬರಲಿಲ್ಲ. ಆಗ ನನಗೆ ಯಾರೂ ಹೇಳದಿದ್ದ ವಿಷಯ ಒಂದಿದೆ. 2017ರಲ್ಲಿ ಹೆರಿಗೆ ಸೌಲಭ್ಯದ ಕಾನೂನಿಗೆ ತಿದ್ದುಪಡಿ ಬಂದು ರಜೆ 26 ವಾರ ಆಯಿತಲ್ಲ, ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಇದೆ. ಕೆಲಸ ಮನೆಯಿಂದ ಮಾಡಬಹುದಾದ ಥರದ್ದಾಗಿದ್ದರೆ, ರಜೆ ಮುಗಿದ ಮೇಲೂ ಇಬ್ಬರೂ ಒಪ್ಪಿದ ಷರತ್ತಿನ ಮೇಲೆ ಮನೆಯಿಂದ ಕೆಲಸ ಕೊಡಬಹುದು. ಒಪ್ಪಲೇಬೇಕು ಅಂತ ಇಲ್ಲ. ಆದರೆ ಕೇಳಲು ಒಂದು ಆಧಾರ ಇದೆ ಅಲ್ವಾ? ಗರ್ಭಿಣಿಯರು, ಈಗಷ್ಟೇ ಹೆತ್ತವರು ಇದನ್ನು ಪತ್ರದಲ್ಲಿ ಧೈರ್ಯವಾಗಿ ಬರೆಯಿರಿ.

ಮುಟ್ಟಿನ ದಿನ ಬಿಸಿನೀರಿನ ಚೀಲ ಹೊಟ್ಟೆಗೆ ಇಟ್ಟುಕೊಂಡು ಕೆಲಸ ಮಾಡಬಹುದು. ರಾತ್ರಿ ಶಿಫ್ಟ್ ಮುಗಿಸಿ ಕ್ಯಾಬ್‌ನಲ್ಲಿ ಒಬ್ಬಳೇ ಜೀವ ಕೈಯಲ್ಲಿ ಹಿಡಿದು ಬರಬೇಕಿಲ್ಲ. ಬೇಕೆಂದಾಗ ನೀರು ಕುಡಿಯಬಹುದು. ಇದು ಸಣ್ಣ ಮಾತಲ್ಲ. ಬಸ್ಸಿನಲ್ಲಿ ಟಾಯ್ಲೆಟ್ ಸಿಗಲ್ಲ ಅಂತ ನೀರೇ ಕುಡಿಯದೆ ಉರಿಮೂತ್ರ ಮಾಡಿಕೊಂಡವರು ನನ್ನ ಗೆಳತಿಯರಲ್ಲೇ ಇದ್ದಾರೆ.

ಶಿವಮೊಗ್ಗ ಫಿಸಿಯೋ

ಲಾಭ ಎಲ್ಲ ಒಪ್ಪಿದೆ. ಈಗ ನನ್ನ ಹತ್ತಿರ ಬರುವವರ ಕಥೆ ಕೇಳಿ.

ಕತ್ತು ನೋವು, ಭುಜದಿಂದ ಬೆರಳಿನವರೆಗೆ ಜೋಮು, ಸೊಂಟ ಹಿಡಿದುಕೊಳ್ಳುವುದು. ಎಲ್ಲಿ ಕೂತು ಕೆಲಸ ಮಾಡುತ್ತೀರಿ ಅಂತ ಕೇಳಿದರೆ ಮಂಚ, ಜಗಲಿ ಕಟ್ಟೆ, ಊಟದ ಮೇಜು, ಅಜ್ಜನ ಈಸಿ ಚೇರು. ಈಸಿ ಚೇರಿನಲ್ಲಿ ಒರಗಿ ಹೊಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಂಟು ಗಂಟೆ ಕಳೆದರೆ ಯಾವ ಕತ್ತು ಉಳಿಯುತ್ತದೆ ಹೇಳಿ? ಲ್ಯಾಪ್‌ಟಾಪಿನ ತೊಂದರೆಯೇ ಅದು. ಪರದೆ ಮತ್ತು ಕೀಬೋರ್ಡ್ ಒಂದಕ್ಕೊಂದು ಅಂಟಿವೆ. ಕೈಗೆ ಸರಿಯಾಗಿ ಇಟ್ಟರೆ ಕತ್ತು ಬಗ್ಗುತ್ತದೆ, ಕಣ್ಣಿಗೆ ಸರಿಯಾಗಿ ಇಟ್ಟರೆ ಭುಜ ಎತ್ತಬೇಕಾಗುತ್ತದೆ. ಹಾಗಾಗಿ ಬೇರೆ ಕೀಬೋರ್ಡ್, ಮೌಸ್ ತಗೊಳ್ಳಿ. ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕದ ಮೇಲೆ ಇಟ್ಟು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಮಾಡಿ. ಮೊಣಕೈ ಮೈಗೆ ಹತ್ತಿರ ಇರಲಿ, ಸುಮಾರು ಮೂಲೆಮಟ್ಟಕ್ಕೆ ಮಡಚಿರಲಿ. ಪಾದ ನೆಲಕ್ಕೆ ಪೂರ್ತಿ ಊರಬೇಕು. ಊರದಿದ್ದರೆ ಅಡುಗೆಮನೆಯ ಮಣೆ ತಂದು ಕಾಲ ಕೆಳಗೆ ಇಡಿ. ನಾನು ಬಹಳ ಜನಕ್ಕೆ ಹೇಳುವುದು ಈ ಮಣೆಯನ್ನೇ. ಖರ್ಚಿಲ್ಲ, ಪ್ರತಿ ಮನೆಯಲ್ಲೂ ಇದೆ, ಎತ್ತರವೂ ಸರಿಯಾಗಿ ಕೂರುತ್ತದೆ.

ಕಿಟಕಿಗೆ ಎದುರಾಗಿಯೂ ಬೇಡ, ಬೆನ್ನು ಹಾಕಿಯೂ ಬೇಡ, ಪಕ್ಕಕ್ಕೆ ಕೂರಿ. ಕಣ್ಣಿಗೆ 20 ನಿಮಿಷಕ್ಕೊಮ್ಮೆ 20 ಸೆಕೆಂಡು 20 ಅಡಿ ದೂರ ನೋಡಿ ಅನ್ನುತ್ತಾರೆ. ನಮ್ಮಲ್ಲಿ ಅದು ಕಷ್ಟ ಅಲ್ಲ, ತಲೆ ಎತ್ತಿದರೆ ತೋಟ.

ಇನ್ನೊಂದು. ಆಫೀಸಿಗೆ ಹೋಗುವಾಗ ಬಸ್‌ ಸ್ಟಾಪಿಗೆ ನಡೆಯುವುದು, ಮೆಟ್ಟಿಲು ಹತ್ತುವುದು, ಕ್ಯಾಂಟೀನಿಗೆ ಹೋಗುವುದು ಅಂತ ಗೊತ್ತಿಲ್ಲದೆ ನಡಿಗೆ ಆಗುತ್ತಿತ್ತು. ಮನೆಯಲ್ಲಿ ಅದು ಪೂರ್ತಿ ನಿಲ್ಲುತ್ತದೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಬಸ್ಸಿನ ಸಮಯ ಉಳಿಯಿತಲ್ಲ, ಅದರಲ್ಲಿ ಒಂದು ಭಾಗ ಇದಕ್ಕೆ ಕೊಡಿ. ಮಳೆಗಾಲದಲ್ಲಿ ಹೊರಗೆ ಕಾಲಿಡಲು ಆಗದಿದ್ದರೆ ಉದ್ದ ಜಗಲಿಯಲ್ಲೇ ನಡೆಯಿರಿ. ಫೋನ್ ಮೀಟಿಂಗನ್ನು ನಡೆಯುತ್ತಲೇ ಮುಗಿಸಿ.

ಹೊಸನಗರ ಗುಡ್ಡದ ಮೇಲಿಂದ

ತಲೆ ಎತ್ತಿದರೆ ತೋಟ ಅಂದಿರಿ. ನಮಗೆ ತಲೆ ಎತ್ತಿದರೆ ನೆಟ್‌ವರ್ಕ್ ಇಲ್ಲ! ಫೈಬರ್ ಬಂದ ಊರಿನವರು ಪುಣ್ಯವಂತರು. ನಮ್ಮಂಥವರು ಇನ್ನೂ ಗುಡ್ಡ ಹತ್ತಿ ಸಿಗ್ನಲ್ ಹುಡುಕುವವರು. ಬಂಡೆ ಮೇಲೆ ಕೊಡೆ ಕಟ್ಟಿಕೊಂಡು ಕೂತು ಕಾಲ್ ಮಾಡುತ್ತೇವೆ.

ಇದರಲ್ಲಿ ಒಂದು ಅಪಾಯ ಇದೆ, ಯಾರೂ ಗಮನಿಸುತ್ತಿಲ್ಲ. ಮಂಗನ ಕಾಯಿಲೆ. ಈ ವೈರಸ್ ಮೊದಲು ಸಿಕ್ಕಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಅರಳಗೋಡು ಕಡೆ ಎಷ್ಟು ಮನೆಗಳು ಕಣ್ಣೀರು ಹಾಕಿದವು ಅಂತ ಸಾಗರದವರಿಗೆ ಹೇಳಬೇಕಿಲ್ಲ. ಹರಡುವುದು ಉಣುಗಿನಿಂದ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಒಣ ದರಗಿನಲ್ಲಿ ಅದರ ಮರಿಗಳು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣಗೆ ಇರುತ್ತವೆ. ದರಗು ತರಲು, ಸೌದೆ ತರಲು ಹೋಗುವವರಿಗೆ ಆಶಾ ಕಾರ್ಯಕರ್ತೆಯರು ಎಚ್ಚರ ಹೇಳುತ್ತಾರೆ, ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಡುತ್ತಾರೆ. ಲ್ಯಾಪ್‌ಟಾಪ್ ಹಿಡಿದು ಅದೇ ಗುಡ್ಡದಲ್ಲಿ ದಿನವಿಡೀ ಕೂರುವ ಹುಡುಗರಿಗೆ ಯಾರು ಹೇಳುತ್ತಾರೆ? ಅವರ ತಲೆಯಲ್ಲಿ ತಾವು ಕಾಡಿಗೆ ಹೋದವರು ಅಂತಲೇ ಇರುವುದಿಲ್ಲ.

ದಯವಿಟ್ಟು ಆ ತಿಂಗಳುಗಳಲ್ಲಿ ಕಾಡಂಚಿನಲ್ಲಿ ಕೂರಬೇಡಿ. ಹೋಗಲೇಬೇಕಾದರೆ ಕೈಕಾಲಿಗೆ ಡೆಪಾ ಹಚ್ಚಿ, ಉದ್ದ ಪ್ಯಾಂಟು ಹಾಕಿ ಸಾಕ್ಸ್ ಒಳಗೆ ಸೇರಿಸಿ. ನೆಲದಲ್ಲಿ ಕೂರಬೇಡಿ, ಕುರ್ಚಿ ಒಯ್ಯಿರಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಹತ್ತಿರದಲ್ಲಿ ಮಂಗ ಸತ್ತಿದ್ದರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇದ್ದಕ್ಕಿದ್ದ ಹಾಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೆಲಸಕ್ಕೆ ಕೂರದೆ ಆಸ್ಪತ್ರೆಗೆ ಹೋಗಿ, ಗುಡ್ಡದಲ್ಲಿ ಕೂರುವ ವಿಷಯ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಕೊಪ್ಪದಿಂದ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ರಸ್ತೆ, ಬಸ್ಸು ಎಲ್ಲ ಸರಿ. ಆದರೆ ಮನೆಯಲ್ಲಿ ಕೂತವರ ಕೆಲಸದ ಗಂಟೆಗೆ ಮಿತಿ ಇಲ್ಲ. ಆಫೀಸಿನಲ್ಲಿ ಆರೂವರೆಗೆ ಕ್ಯಾಬ್ ಹೊರಡುತ್ತದೆ ಅಂದರೆ ಎದ್ದು ಹೊರಡುತ್ತಿದ್ದೆವು. ಇಲ್ಲಿ ರಾತ್ರಿ ಹತ್ತಕ್ಕೂ ಒಂದು ನಿಮಿಷ ಇದೀಯಾ ಅಂತ ಮೆಸೇಜು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಿಗೆ ಲೆಕ್ಕ ಹಾಕಿ ಹೇಳಿದ್ದು ಇದು: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಮತ್ತು ಜಾಸ್ತಿ ದುಡಿಯುವವರಿಗೆ ಸ್ಟ್ರೋಕ್ ಅಪಾಯ ಶೇ. 35ರಷ್ಟು ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಬಸ್ಸಿನಲ್ಲಿ ಉಳಿಸಿದ ಜೀವವನ್ನು ಕುರ್ಚಿಯಲ್ಲಿ ಕಳೆದುಕೊಂಡರೆ ಏನು ಬಂತು?

ನಮ್ಮ ಕಡೆ ಇದಕ್ಕೆ ಅಡಿಕೆ ಸುಗ್ಗಿಯೂ ಸೇರುತ್ತದೆ. ಮನೇಲೇ ಇದೀಯಲ್ಲ, ಸ್ವಲ್ಪ ಅಡಿಕೆ ಕೊನೆ ಕೊಯ್ಯುವವರಿಗೆ ಚಹಾ ಕೊಟ್ಟು ಬಾ, ಒಲೆಗೆ ಬೆಂಕಿ ನೋಡು, ಸುಲಿಯುವವರ ಲೆಕ್ಕ ಬರೆ. ಅಪ್ಪನಿಗೆ ಇಲ್ಲ ಅನ್ನಲು ಆಗಲ್ಲ. ಹಗಲು ಅಡಿಕೆ, ರಾತ್ರಿ ಕಂಪ್ಯೂಟರ್. ನವೆಂಬರ್‌ನಿಂದ ಮೂರು ನಾಲ್ಕು ತಿಂಗಳು ನಿದ್ದೆ ಅನ್ನುವುದೇ ಇರಲ್ಲ.

ಒಂಟಿತನ ಇನ್ನೊಂದು. ಒಂದು ಮನೆಗೂ ಇನ್ನೊಂದು ಮನೆಗೂ ಗದ್ದೆ ದಾಟಿ ಹೋಗಬೇಕು. ಆರಿದ್ರಾ, ಪುನರ್ವಸು ಒಂದೇ ಸಮ ಹೊಯ್ಯುವಾಗ ವಾರಗಟ್ಟಲೆ ಮನೆಯವರನ್ನು ಬಿಟ್ಟರೆ ಇನ್ನೊಂದು ಮುಖ ಕಾಣಲ್ಲ. ಹೋದ ಮಳೆಗಾಲದಲ್ಲಿ ನನಗೆ ಯಾರ ಜೊತೆಗೂ ಮಾತಾಡುವುದೇ ಬೇಡ ಅನ್ನಿಸಲು ಶುರುವಾಗಿತ್ತು. 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೇಕಾದವರು ಸಂಕೋಚ ಇಲ್ಲದೆ ಮಾಡಿ.

ಸಾಗರದವಳು

ಕೊಪ್ಪದವರೇ, ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್. ನಾನೂ ಒಂದು ಸೇರಿಸುತ್ತೇನೆ. ಮನೆ ಎಲ್ಲರಿಗೂ ಸುರಕ್ಷಿತ ಜಾಗ ಅಲ್ಲ. ಗಂಡನ ಕೈಯಲ್ಲಿ ಹೊಡೆಸಿಕೊಳ್ಳುವ ಹೆಣ್ಣಿಗೆ ಆಫೀಸಿನ ಎಂಟು ಗಂಟೆಯೇ ನೆಮ್ಮದಿ. ಹಾಗಾಗಿ ಬೇಕಾದವರಿಗೆ ಮನೆ, ಬೇಕಾದವರಿಗೆ ಆಫೀಸು ಅಂತ ಇರಬೇಕು. ಎಲ್ಲರಿಗೂ ಒಂದೇ ಅಂತ ನಾವೂ ಕೇಳುವುದು ಬೇಡ. ಮಹಿಳಾ ಸಹಾಯವಾಣಿ 181, ಹಗಲು ರಾತ್ರಿ ಇರುತ್ತದೆ.

ಎಚ್‌ಆರ್‌ನಲ್ಲಿ ಇದ್ದವಳು, ಈಗ ಭದ್ರಾವತಿ

ಪತ್ರದ ಬಗ್ಗೆ ಹೇಳುತ್ತೇನೆ. ಇಂಥ ಪತ್ರಗಳನ್ನು ಆ ಕಡೆ ಕೂತು ಓದಿದವಳು ನಾನು. ನನಗೆ ಕಷ್ಟ ಆಗುತ್ತದೆ ಅಂತ ಮಾತ್ರ ಬರೆದರೆ ಅದು ಫೈಲಿಗೆ ಹೋಗುತ್ತದೆ. ಕಷ್ಟದ ಜೊತೆ ನೀವು ಮಾಡಿಕೊಂಡಿರುವ ವ್ಯವಸ್ಥೆಯನ್ನೂ ಬರೆಯಿರಿ. ಮೇಜು ಕುರ್ಚಿ ಇದೆ, ಅರ್ತಿಂಗ್ ಇದೆ, ಕರೆಂಟ್ ಹೋದರೆ ಇಷ್ಟು ಗಂಟೆ ಇನ್ವರ್ಟರ್ ನಡೆಯುತ್ತದೆ, ಹತ್ತಿರದ ಆಸ್ಪತ್ರೆ ಇಷ್ಟು ದೂರ. ಫೋಟೋ ಹಾಕಿ. ಮನೆಯನ್ನು ಕೆಲಸದ ಜಾಗದ ಹಾಗೆ ನೋಡಿಕೊಂಡಿದ್ದಾರೆ ಅಂತ ಅವರಿಗೆ ಕಾಣಬೇಕು. ಮನೆಯಿಂದ ಕೆಲಸ ಮಾಡುವವರ ಆರೋಗ್ಯ, ಸುರಕ್ಷತೆಗೆ ಕಂಪನಿ ಏನು ಮಾಡಬೇಕು ಅನ್ನುವುದರ ಬಗ್ಗೆ ಕೊಪ್ಪದವರು ಹೇಳಿದ ವಿಶ್ವ ಆರೋಗ್ಯ ಸಂಸ್ಥೆ, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳೇ 2022ರ ಫೆಬ್ರವರಿಯಲ್ಲಿ ಮಾರ್ಗದರ್ಶಿ ಹೊರತಂದಿವೆ. ಅದನ್ನು ಪತ್ರಕ್ಕೆ ಲಗತ್ತಿಸಿ.

ಕೆಲಸದ ಸಮಯ ಮತ್ತು ಜಾಗ ಎರಡೂ ಬರಹದಲ್ಲಿ ಇರಲಿ. ಸಮಯ ಬರೆದಿದ್ದರೆ ರಾತ್ರಿ ಹತ್ತರ ಮೆಸೇಜಿಗೆ ಉತ್ತರ ಕೊಡದಿರಲು ಆಧಾರ ಇರುತ್ತದೆ. ಜಾಗ ಬರೆದಿದ್ದರೆ ನಾಳೆ ಕೆಲಸದ ವೇಳೆಯಲ್ಲಿ ಏನಾದರೂ ಆದಾಗ ನೀವು ಎಲ್ಲಿದ್ದಿರಿ ಅನ್ನುವ ತಕರಾರು ಬರಲ್ಲ. ಕೆಲಸದ ಸಮಯ ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕಿಗೆ ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕಾನೂನಿನ ಬಲ ಇದೆ. ನಮ್ಮಲ್ಲಿ ಸದ್ಯಕ್ಕೆ ನಾವೇ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ಪೂರ್ತಿ ಮನೆಯಿಂದ ಅಂದರೆ ಒಪ್ಪದ ಕಂಪನಿಗೆ ಕಮ್ಮಿ ದಿನ ಕೇಳಿ. ಚೀನಾದ ಟ್ರಿಪ್ ಡಾಟ್ ಕಾಮ್ ಕಂಪನಿಯಲ್ಲಿ 1,600ಕ್ಕೂ ಹೆಚ್ಚು ನೌಕರರ ಮೇಲೆ ನಡೆದ ಅಧ್ಯಯನ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೊಟ್ಟಾಗ ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದು ಭಾಗ ಇಳಿಯಿತು, ಕೆಲಸದ ಗುಣಮಟ್ಟ ಇಳಿಯಲಿಲ್ಲ. ದೂರದಿಂದ ಬರುವವರಲ್ಲಿ, ಹೆಣ್ಣುಮಕ್ಕಳಲ್ಲಿ ಆ ಲಾಭ ಎದ್ದು ಕಂಡಿತು. ಮ್ಯಾನೇಜರ್‌ಗಳಿಗೆ ಇಂಥ ಮಾತು ಬೇಗ ನಾಟುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಪೂರ್ತಿ ಮನೆಯಿಂದ, ಉಳಿದ ಕಾಲ ತಿಂಗಳಿಗೆ ಒಂದು ವಾರ ಆಫೀಸು ಅಂತ ಕೇಳಿನೋಡಿ. ಮಳೆಗೆ ಜಿಲ್ಲಾಡಳಿತ ಶಾಲೆಗೆ ರಜೆ ಕೊಟ್ಟ ದಿನ ದೊಡ್ಡವರು ಮಾತ್ರ ಯಾಕೆ ರಸ್ತೆಗೆ ಇಳಿಯಬೇಕು?

ಮಂಡಗದ್ದೆ ಹುಡುಗ

ಮಳೆಗಾಲದ ಪ್ರಸ್ತಾಪ ಬಹಳ ಹಿಡಿಸಿತು. ಅದನ್ನೇ ಮೊದಲು ಬರೆಯುತ್ತೇನೆ, ಅಪ್ಪ ಅಮ್ಮನ ವಿಷಯ ಎರಡನೆಯದು. ಗಂಟೆಗಳ ಬಗ್ಗೆ ಕೊಪ್ಪದವರು ಹೇಳಿದ್ದು ನೂರಕ್ಕೆ ನೂರು ಸರಿ. ಸಮಯ ಬರಹದಲ್ಲೇ ಕೇಳುತ್ತೇನೆ.

ಅರ್ತಿಂಗ್ ಅಂದಿರಲ್ಲ, ನಮ್ಮದು ಹಳೇ ಮನೆ, ಹಳೇ ವೈರಿಂಗು. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಅದರ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತದೆ. ಇನ್ವರ್ಟರ್ ಬ್ಯಾಟರಿ ಮೇಜಿನ ಕೆಳಗೇ ಇದೆ. ಗೊತ್ತಿದ್ದವರು ಹೇಳಿ.

ವೈರಿಂಗ್ ಕೆಲಸದವನು, ತೀರ್ಥಹಳ್ಳಿ

ಆ ಜುಮ್ ಅನ್ನುವುದನ್ನು ಸುಮ್ನೆ ಬಿಡಬೇಡಿ. ಹೆಚ್ಚಾಗಿ ಅದು ಅರ್ತಿಂಗ್ ಇಲ್ಲ ಅನ್ನುವ ಗುರುತು. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಬಿಚ್ಚಿ ನೋಡಿದರೆ ಮೇಲಿನ ತೂತಿಗೆ ವೈರೇ ಇರಲ್ಲ. ಇನ್ನು ಕೆಲವರು ಎರಡು ಪಿನ್ನಿನ ಅಡಾಪ್ಟರ್ ಹಾಕಿ ಅದನ್ನೂ ತಪ್ಪಿಸಿರುತ್ತಾರೆ. ಮೊದಲು ಅರ್ತ್ ಗುಂಡಿ ಸರಿ ಇದೆಯಾ ಅಂತ ಅಳತೆ ಮಾಡಿಸಿ. ಇದ್ದಿಲು, ಉಪ್ಪು ಹಾಕಿದ ಹಳೇ ಗುಂಡಿ ಆದರೆ ಬೇಸಿಗೆಯಲ್ಲಿ ಒಣಗುತ್ತದೆ, ಆಗ ನೀರು ಹಾಕುತ್ತಿರಬೇಕು. ಮಳೆಗಾಲದಲ್ಲಿ ಸರಿ ಇದ್ದ ಅರ್ತಿಂಗ್ ಏಪ್ರಿಲ್‌ನಲ್ಲಿ ಕೈಕೊಡುವುದು ಅದಕ್ಕೇ. ಸಿಡಿಲು ಜೋರಾಗಿ ಬರುವುದೂ ಅದೇ ಏಪ್ರಿಲ್, ಮೇನಲ್ಲಿ.

ಎರಡನೆಯದು, 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ ಇದೆಯಲ್ಲ ಅನ್ನುತ್ತಾರೆ. ಎಂಸಿಬಿ ಕಾಯುವುದು ವೈರನ್ನು, ಓವರ್‌ಲೋಡು, ಶಾರ್ಟ್‌ನಿಂದ. ಮನುಷ್ಯನ ಮೈಮೂಲಕ ನೆಲಕ್ಕೆ ಕರೆಂಟ್ ಸೋರಿದರೆ ಅದನ್ನು ಹಿಡಿದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುವುದು ಆರ್‌ಸಿಸಿಬಿ. ಮಳೆಗಾಲದಲ್ಲಿ ಗೋಡೆಯೇ ಒದ್ದೆ ಇರುವ ನಮ್ಮ ಮನೆಗಳಿಗೆ ಇದು ಬೇಕೇ ಬೇಕು. ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ, ಆಗಾಗ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಕೆಟ್ಟಿದೆ ಅಂತ ಅರ್ಥ, ಬದಲಿಸಿ.

ಬ್ಯಾಟರಿಯನ್ನು ಇವತ್ತೇ ಮೇಜಿನ ಕೆಳಗಿಂದ ತೆಗೆಯಿರಿ. ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿ ಒಂದು ಕಿಡಿ ತಗುಲಿದರೆ ಸ್ಫೋಟ ಆಗುತ್ತದೆ. ಗಾಳಿ ಆಡುವ ಕಡೆ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಜನರೇಟರ್ ಇದ್ದವರು ಅದನ್ನು ಎಷ್ಟೇ ಮಳೆ ಬರಲಿ ಒಳಗೆ ತರಬೇಡಿ. ಚಳಿಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂರುವುದೂ ಬೇಡ. ಎರಡರಿಂದಲೂ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ತೂಕಡಿಕೆ ಬಂದ ಹಾಗೆ ಆಗಿ ಆಮೇಲೆ ಏಳಲು ಆಗಲ್ಲ.

ಗುಡುಗು ದೂರದಲ್ಲಿ ಕೇಳಿದ ಕೂಡಲೇ ಚಾರ್ಜರ್, ರೂಟರ್ ಎರಡರ ಪ್ಲಗ್ಗನ್ನೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಫೈಬರ್‌ಗೆ ಸಿಡಿಲು ಹೊಡೆಯಲ್ಲ ಅಂತ ಕೆಲವರು ಧೈರ್ಯವಾಗಿರುತ್ತಾರೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲ್ಲಿನಲ್ಲಿ ಆಧಾರಕ್ಕೆ ಸ್ಟೀಲ್ ತಂತಿ ಇರುವುದುಂಟು, ರೂಟರ್‌ಗೆ ಕರೆಂಟ್ ಅಂತೂ ಗೋಡೆಯಿಂದಲೇ ಬರುತ್ತದೆ. ಸಿಡಿಲಿನ ಹೊತ್ತಿನಲ್ಲಿ ಮೀಟಿಂಗ್ ಇದ್ದರೆ ಮೊಬೈಲ್ ಡೇಟಾದಲ್ಲಿ, ಚಾರ್ಜರ್ ತೆಗೆದು ಮಾಡಿ. ಇದನ್ನೂ ಪತ್ರದಲ್ಲಿ ಬರೆಯಿರಿ, ಗುಡುಗಿನ ಹೊತ್ತಿನಲ್ಲಿ ಲೈನ್ ಕಿತ್ತಿಡುತ್ತೇನೆ, ಆಗ ಸಿಗದಿದ್ದರೆ ಕೇಳಬಾರದು ಅಂತ.

ಮಂಡಗದ್ದೆಯವರೇ, ನಿಮ್ಮ ಊರಿನ ಕಡೆ ಅರ್ತ್ ಅಳತೆ ಮಾಡುವ ಮೀಟರ್ ಇರುವವರು ಯಾರೂ ಸಿಗದಿದ್ದರೆ ಹೇಳಿ. ಮಳೆ ಹಿಡಿಯುವ ಮೊದಲು ಆ ಕಡೆ ಕೆಲಸ ಇದೆ, ಬರುವಾಗ ನೋಡಿಕೊಂಡು ಹೋಗುತ್ತೇನೆ.